ಏಳು ದಿನದ ಗುಳಿಗೆಯ ಕವರು

ಮಾನ್ವಿಯ ಬಸ್ ನಿಲ್ದಾಣದ ಎದುರು ನನ್ನದೊಂದು ಮೆಡಿಕಲ್ ಅಂಗಡಿ ಇದೆ. ನಮ್ಮ ಕಡೆಯ ಗಂಡಸರಿಗೆ ಬರುವ ಕಾಯಿಲೆಗಳಿಗೆಲ್ಲ ಒಂದೇ ಹೆಸರು, ಉಷ್ಣ. ಕಣ್ಣು ಕೆಂಪಾದರೂ ಉಷ್ಣ, ಬಾಯಿ ಹುಣ್ಣಾದರೂ ಉಷ್ಣ, ಒಳಚಡ್ಡಿಗೆ ಕೀವಿನ ಕಲೆ ಹತ್ತಿದರೂ ಉಷ್ಣವೇ. ಅಂಥವನು ಅಂಗಡಿ ಖಾಲಿಯಾಗುವ ತನಕ ಒಂದು ಪಕ್ಕ ನಿಂತು ಗೋಡೆಯ ಕ್ಯಾಲೆಂಡರ್ ಓದುತ್ತಿರುತ್ತಾನೆ. ಆಮೇಲೆ ಮುಂದೆ ಬಾಗಿ, "ಭಾಳ ಉಷ್ಣ ಆಗ್ಯಾದ್ರಿ" ಅನ್ನುತ್ತಾನೆ. ಅಷ್ಟರಲ್ಲಿ ತಂಪಿಗೆಂದು ಸಬ್ಜಾ ಬೀಜ, ಮಜ್ಜಿಗೆ ಎಲ್ಲ ಕುಡಿದಾಗಿರುತ್ತದೆ. ನನಗೆ ರೇಗಿಹೋಗುತ್ತದೆ. "ಬಿಸಲಿಗೆ ಕೀವು ಬರ್ತದೇನೋ ಯಪ್ಪಾ? ಅದು ಮೈಯಿಂದ ಮೈಗೆ ಹತ್ತೋ ರೋಗಾಣು. ಡಾಕ್ಟರ ಕಡಿ ಹೋಗು, ಹೆಂಡ್ತಿನ್ನೂ ಕರ್ಕೊಂಡು ಹೋಗು" ಅನ್ನುತ್ತೇನೆ. ಅವನು ತಲೆಯಾಡಿಸಿ ನೇರವಾಗಿ ಆಚೆಯ ಅಂಗಡಿಗೆ ಹೋಗುತ್ತಾನೆ.

ಈಗ ಇಷ್ಟು ಬಾಯಿ ಬಂದಿದೆ. ಬರಬೇಕಾಗಿದ್ದ ದಿನ ಬಂದಿರಲಿಲ್ಲ.

ನಮ್ಮ ಅಕ್ಕನನ್ನು ಕೊಟ್ಟದ್ದು ದೇವದುರ್ಗದಲ್ಲಿರುವ ಸೋದರಮಾವನಿಗೆ, ಅಂದರೆ ಅವ್ವನ ಸ್ವಂತ ತಮ್ಮನಿಗೆ. ಅವ್ವನಿಗೆ ತವರೂ ಉಳಿಯಿತು, ಮಗಳೂ ಕಣ್ಣೆದುರಿಗೇ ಇದ್ದಳು ಎಂದು ಎಲ್ಲರಿಗೂ ಸಂತೋಷ. ಮಾವ ಶಕ್ತಿನಗರದಲ್ಲಿ ಗುತ್ತಿಗೆದಾರನೊಬ್ಬನ ಕೈಕೆಳಗೆ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ. ಅಲ್ಲೇ ನಾಲ್ಕು ಜನರ ಜೊತೆ ಖೋಲಿ ಹಿಡಿದಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ನಮ್ಮ ಮನೆಯಲ್ಲಿ ಅವನಿಗೆ ಎರಡು ಪಟ್ಟು ಮರ್ಯಾದೆ. ಅವ್ವನ ತಮ್ಮ ಎಂದು ಒಂದು, ಅಕ್ಕನ ಗಂಡ ಎಂದು ಇನ್ನೊಂದು. ಅವನು ಊಟಕ್ಕೆ ಕೂತರೆ ಯಾರೂ ಎದುರು ಮಾತಾಡುತ್ತಿರಲಿಲ್ಲ.

ಮದುವೆಯಾದ ಮರುವರ್ಷ, ಒಂದು ಶನಿವಾರ, ಶಕ್ತಿನಗರದಿಂದ ದೇವದುರ್ಗಕ್ಕೆ ಹೋಗಬೇಕಾದವನು ದಾರಿ ಬಿಟ್ಟು ಮಾನ್ವಿಗೆ ಬಂದ. ಅವನೂ ಕ್ಯಾಲೆಂಡರ್ ಓದಿದ.

"ಉಷ್ಣ ಆಗ್ಯಾದ ಅಳಿಯಾ. ಒಂದಕ್ಕ ಹೋದ್ರ ಉರಿ ಏಳ್ತದ."

"ಮತ್ತೇನರ ಹೋಗ್ತದೇನು ಮಾವ?"

ಅವನು ಬಸ್ಸುಗಳ ಕಡೆ ನೋಡುತ್ತ, "ಹಳದಿ ಆಗಿ ಸ್ವಲ್ಪ" ಅಂದ. "ಯಾರ ಮುಂದೂ ಅನ್ನಬ್ಯಾಡ. ಮನಿ ಮಂದಿ ಅಂತ ನಿನ್ನ ಕಡಿ ಬಂದೀನಿ."

ನನಗೆ ತಿಳಿಯಿತು. ಆಸ್ಪತ್ರೆಗೆ ಹೋದರೆ ಪರೀಕ್ಷೆ ಮಾಡುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ, ಗುಳಿಗೆ ಕೊಡುತ್ತಾರೆ, ಹೆಂಡತಿಗೂ ಅದೇ ಹೊತ್ತಿಗೆ ಚಿಕಿತ್ಸೆ ಮಾಡುತ್ತಾರೆ, ಮುಗಿಯುವವರೆಗೆ ಇಬ್ಬರೂ ಬೇರೆ ಇರಬೇಕು ಎನ್ನುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಮಾವನ ಮುಖ ನೋಡಿಕೊಂಡು "ಅಕ್ಕನಿಗೂ ಹತ್ತಿರಬೇಕು" ಎಂದು ಹೇಗೆ ಹೇಳಲಿ? ಹದಿನಾಲ್ಕು ಕ್ಯಾಪ್ಸೂಲು ಎಣಿಸಿ ಕಾಗದದ ಕವರಿಗೆ ಹಾಕಿದೆ. ಮೇಲೆ ನನ್ನ ಕೈಯಿಂದಲೇ ಬರೆದೆ: ಬೆಳಿಗ್ಗೆ ಒಂದು, ರಾತ್ರಿ ಒಂದು, ಏಳು ದಿನ. ಮಾವ ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಚಹಾ ಕುಡಿಸಿ ಹೋದ.

ಎರಡು ತಿಂಗಳಿಗೆ ಅಕ್ಕನಿಗೆ ಕಿಬ್ಬೊಟ್ಟೆ ನೋವು ಬಂತು. ಜ್ವರ, ವಾಸನೆಯ ಬಿಳಿಸೆರಗು. ಆರೈಕೆಗೆಂದು ದೇವದುರ್ಗಕ್ಕೆ ಹೋಗಿದ್ದ ಅವ್ವ ಫೋನಿನಲ್ಲಿ, "ನಿಮ್ಮಕ್ಕಗ ಉಷ್ಣ ಆಗ್ಯಾದ ನೋಡು, ಮೆಂತೆ ನೆನಸಿ ಕುಡಸಾಕತ್ತೀವಿ, ನೀ ಒಂದೆರಡು ಗುಳಗಿ ಕಳಸು" ಅಂದಳು. ನಾನು ಜ್ವರದ ಗುಳಿಗೆ, ನೋವಿನ ಗುಳಿಗೆ ಕಳಿಸಿದೆ. ಆಸ್ಪತ್ರೆಗೆ ಕರೆದೊಯ್ಯಿರಿ ಅನ್ನಲಿಲ್ಲ. ಅಲ್ಲಿ ಗಂಡನ ವಿಷಯ ಕೇಳುತ್ತಾರೆ, ಮಾವನ ಮಾನ ಹೋಗುತ್ತದೆ ಎಂದು ಹೆದರಿದೆ. ವಾರದಲ್ಲಿ ನೋವು ಇಳಿಯಿತು. ಎಲ್ಲರೂ ಮೆಂತ್ಯವನ್ನು ಹೊಗಳಿದರು.

ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲ. ರಕ್ತಸಂಬಂಧದಲ್ಲಿ ಕೊಟ್ಟದ್ದೇ ತಪ್ಪು ಎಂದು ಊರವರು ಅಂದರು. ಕೊನೆಗೆ ರಾಯಚೂರಿನ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆವು. ಔಷಧದ ವಿಷಯ ತಿಳಿದವನೆಂದು ನನ್ನನ್ನೂ ಕರೆದಿದ್ದರು. ಗರ್ಭಕೋಶಕ್ಕೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆದಾಗ ಎರಡೂ ನಾಳಗಳು ಮುಚ್ಚಿಹೋಗಿದ್ದವು.

"ಹಿಂದ ಯಾವಾಗೋ ಸೋಂಕು ಆಗ್ಯಾದ" ಅಂದರು ಡಾಕ್ಟರು. "ಗಂಡಸರಿಗೆ ಉರಿ, ಕೀವು ಕಾಣ್ತದ. ಹೆಣ್ಮಕ್ಕಳಿಗೆ ಎಷ್ಟೋ ಸಲ ಏನೂ ಗೊತ್ತಾಗಂಗಿಲ್ಲ. ಒಳಗ ಏರಿ ನಾಳ ಕೆಡಸ್ತದ. ಮೊದಲ ಹಂತದಾಗ ಇಬ್ಬರೂ ಔಷಧ ತಗೊಂಡಿದ್ರ ವಾಸಿ ಆಗೋ ರೋಗ ಇದು. ನಿಮ್ಮ ಮನಿಯವರಿಗೆ ಹಂಗೇನರ ಆಗಿತ್ತೇನಮ್ಮ?"

"ನಂಗ ಗೊತ್ತಿಲ್ರಿ" ಅಂದಳು ಅಕ್ಕ. ಮಾವ ಅಂದು ಕೆಲಸದ ನೆಪ ಹೇಳಿ ಬಂದಿರಲಿಲ್ಲ. ಅಕ್ಕ ನನ್ನ ಕಡೆ ನೋಡಿದಳು. ನಾನು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಅರ್ಥವಾಗದಿದ್ದರೂ ನೋಡುತ್ತ ನಿಂತೆ.

ಮುಂದಿನ ಭಾನುವಾರ ದೇವದುರ್ಗದ ಪಡಸಾಲೆಯಲ್ಲಿ ಎಲ್ಲರೂ ಕೂತೆವು. ಅವ್ವನ ತಾಯಿ, ಅಂದರೆ ಅಕ್ಕನಿಗೆ ಅಜ್ಜಿಯೂ ಹೌದು ಅತ್ತೆಯೂ ಹೌದು, ಮಾತು ತೆಗೆದಳು.

"ಮೊಮ್ಮಗಳನ್ನ ಯಾರೂ ಹೊರಗ ಹಾಕಂಗಿಲ್ಲ. ಮನ್ಯಾಗ ಇರ್ತಾಳ. ಪೋತ್ನಾಳದಾಗ ಒಂದು ಹುಡುಗಿ ಅದ. ಇವಂಗ ಇನ್ನೊಂದು ಮದುವಿ ಮಾಡೋಣು."

ಅವ್ವ ಕಣ್ಣೊರೆಸಿಕೊಂಡು, "ನನ್ನ ಮಗಳ ಹೊಟ್ಟಿನೇ ಸರಿ ಇಲ್ಲ ಅಂದಮ್ಯಾಲ ನಾ ಹ್ಯಾಂಗ ಅಡ್ಡ ಬರ್ಲಿ ಯವ್ವಾ" ಅಂದಳು. ಮಾವ ತನ್ನ ಉಗುರು ನೋಡಿಕೊಳ್ಳುತ್ತಿದ್ದ.

ಅಜ್ಜಿ ನನ್ನ ಕಡೆ ತಿರುಗಿದಳು. "ನೀ ಔಷಧ ತಿಳಿದಾವ. ನೀ ಹೇಳಪ, ದೋಷ ಯಾರ್ದು?"

ಒಂದೇ ಮಾತು ಸಾಕಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಚಹಾದ ತಟ್ಟೆ ಹಿಡಿದು ನಿಂತಿದ್ದಳು. "ಅಕ್ಕನ ನಾಳ ಮುಚ್ಯಾವಂತ ಡಾಕ್ಟರು ಚೀಟಿ ಬರದು ಕೊಟ್ಟಾರಲ್ಲ" ಎಂದೆ.

ಹೊರಟಾಗ ಅಕ್ಕ ಹಿಂದೆಯೇ ಅಂಗಳಕ್ಕೆ ಬಂದಳು. ಸೆರಗಿನಿಂದ ಒಂದು ಕಾಗದದ ಕವರು ತೆಗೆದು ನನ್ನ ಅಂಗೈ ಮೇಲಿಟ್ಟಳು. ಮಾಸಿತ್ತು, ಆದರೆ ಅಕ್ಷರ ನನ್ನವೇ. ಏಳು ದಿನ ಎಂದು ಬರೆದಿದ್ದೆ. ಒಳಗೆ ಎಂಟು ಕ್ಯಾಪ್ಸೂಲು ಉಳಿದಿದ್ದವು. ಉರಿ ನಿಂತ ಕೂಡಲೇ, ಮೂರು ದಿನಕ್ಕೇ, ಮಾವ ಬಿಟ್ಟಿದ್ದ.

"ಅಂಗಿ ಒಗಿವಾಗ ಸಿಕ್ಕಿತ್ತು. ಔಷಧ ಚೆಲ್ಲಬಾರ್ದಂತ ಟ್ರಂಕಿನ್ಯಾಗ ಇಟ್ಟಿದ್ದೆ" ಅಂದಳು. "ಇದು ಅದಕ್ಕಽ ಏನು, ತಮ್ಮಾ?"

"ಹೂಂ."

"ನನಗೂ ಬೇಕಾಗಿತ್ತು ಅಂತ ಆವಾಗಽ ಗೊತ್ತಿತ್ತು?"

"ಗೊತ್ತಿತ್ತಕ್ಕಾ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ನನ್ನ ಮೊಣಕೈ ಹಿಡಿದಳು. "ಒಳಗ ಬಾ. ಅವ್ವನ ಮುಂದ ಇಷ್ಟಽ ಹೇಳು. ಮದುವಿ ಆಗ್ಲಿ ಬಿಡ್ಲಿ, ದೋಷ ನನ್ದಲ್ಲ ಅಂತ ಅವ್ವಗಽ ಒಬ್ಬಾಕಿಗೆ ಹೇಳು."

"ಬಸ್ಸಿಗೆ ಹೊತ್ತಾತಕ್ಕಾ" ಎಂದೆ.

ಮಾನ್ವಿಗೆ ಇನ್ನೊಂದು ಬಸ್ಸು ಐದೂವರೆಗೆ ಇತ್ತು. ಅದು ಅವಳಿಗೂ ಗೊತ್ತಿತ್ತು. ನನ್ನ ಮೊಣಕೈ ಬಿಟ್ಟಳು.