ಹೋಳಿಗೆಯೊಳಗಿನ ಉಗುರು

ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಬ್ಯೂಟಿ ಪಾರ್ಲರಿನಿಂದ ನನ್ನನ್ನು ತೆಗೆದುಹಾಕಿದ ದಿನ ಒಳಗೆ ಆರು ಜನ ಗಿರಾಕಿಗಳಿದ್ದರು. ಆರು ಜನರಿಗೂ ಕೇಳಿಸಲಿ ಎಂದೇ ಪಾರ್ಲರಿನ ಮೇಡಂ ದನಿ ಎತ್ತರಿಸಿದರು. ನಾನು ಒಬ್ಬ ಡಾಕ್ಟರ ಹೆಂಡತಿಯ ಹೆಬ್ಬೆರಳಿಗೆ ಮ್ಯಾನಿಕ್ಯೂರ್ ಮಾಡುತ್ತಿದ್ದೆ. ಉಗುರಿನ ಬುಡದ ಚರ್ಮ ಬಿಡಿಸುವಾಗ ಕೈ ನಡುಗಿ ಸಾಸಿವೆಯಷ್ಟು ರಕ್ತ ಬಂತು. ಆ ಹೆಂಗಸು ‘ಸ್ಸ್’ ಎಂದದ್ದು ಬಿಟ್ಟರೆ ಬೇರೇನೂ ಅಂದಿರಲಿಲ್ಲ.

“ಕೈ ನಡುಗೋಳು ಕಸ ಗುಡಿಸ್ಕೊಂಡಿರ್ಬೇಕು, ಕತ್ರಿ ಮುಟ್ಬಾರ್ದು. ನಾಲ್ಕು ವರ್ಷ ಕಲಿಸಿದ್ದು ನಂದೇ ತಪ್ಪು. ನಾಳೆಯಿಂದ ಬರ್ಬೇಡ,” ಎಂದರು ಮೇಡಂ.

ಆ ನಾಲ್ಕು ವರ್ಷಗಳಲ್ಲಿ ಅವರು ನನಗೆ ಕಲಿಸಿದ್ದು ಕಡಿಮೆ, ನಾನು ಕದ್ದು ನೋಡಿ ಕಲಿತದ್ದು ಹೆಚ್ಚು. ಏಪ್ರನ್ ಬಿಚ್ಚಿಟ್ಟು ಭದ್ರಾವತಿಯ ಬಸ್ಸು ಹತ್ತಿದೆ. ಮಲವಗೊಪ್ಪ ದಾಟುವವರೆಗೂ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಆಗ ಹೇಳಬೇಕಾಗಿದ್ದ ಮಾತುಗಳೆಲ್ಲ ಈಗ ಒಂದರ ಹಿಂದೆ ಒಂದು ಸಾಲಾಗಿ ಬಂದವು. ಪಕ್ಕದಲ್ಲಿ ಕೂತಿದ್ದ ಅಜ್ಜಿ, ನಾನು ಬಾಯೊಳಗೇ ಬೈಯುತ್ತಿದ್ದುದನ್ನು ಕಂಡು ಚೀಲವನ್ನು ಮಡಿಲಿಗೆಳೆದುಕೊಂಡು ಅತ್ತ ಸರಿದಳು.

ಆಗ ಭದ್ರಾವತಿಯಲ್ಲಿ ನಮ್ಮದು ಕೂಡು ಕುಟುಂಬ. ಭಾವ ಕಾರ್ಖಾನೆಯಲ್ಲಿ ಕಾಯಂ ನೌಕರ, ನನ್ನ ಗಂಡ ಅದೇ ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೆಲಸದವನು. ಹಾಗಾಗಿ ಮನೆಯಲ್ಲಿ ವಾರಗಿತ್ತಿಯ ಮಾತು ಕಾಯಂ, ನನ್ನದು ಕಂಟ್ರಾಕ್ಟ್. ಬೀದಿ ಕಡೆ ಸೌದೆ, ಹಳೇ ಸೈಕಲ್ಲು ತುಂಬಿಟ್ಟಿದ್ದ ಒಂದು ಸಣ್ಣ ಕೋಣೆಯಿತ್ತು. ಅದನ್ನು ಖಾಲಿ ಮಾಡಿ ಮನೆಯಲ್ಲೇ ಉಗುರಿನ ಕೆಲಸ ಶುರುಮಾಡುತ್ತೇನೆ ಎಂದಾಗ ಗಂಡ ಸುಮ್ಮನಿದ್ದ. ಅವನು ಸುಮ್ಮನಿದ್ದರೆ ಒಪ್ಪಿದ ಎಂದೇ ಅರ್ಥ. ವಾರಗಿತ್ತಿ ಮಾತ್ರ ಸುಮ್ಮನಿರಲಿಲ್ಲ.

“ಉಗುರು ಮನೆಯೊಳಗೆ ಬಿದ್ರೆ ದರಿದ್ರ ಅಂತ ಎಳೇ ಮಕ್ಕಳಿಗೂ ಗೊತ್ತು ಮಾರಾಯ್ತಿ. ನೀನು ಊರಿನೋರ ಉಗುರೆಲ್ಲಾ ತಂದು ನಮ್ಮನೇಲಿ ಸುರೀತೀನಿ ಅಂತೀಯ. ಕಂಡೋರ ಕಾಲು ಹಿಡಿದ ಕೈಯಲ್ಲಿ ಬಂದು ರೊಟ್ಟಿ ತಟ್ತೀಯಾ?”

“ಕೈ ತೊಳ್ಕೊಂಡು ತಟ್ತೀನಿ ಅಕ್ಕ.”

“ತೊಳೆದ್ರೆ ಹೋಗೋದಲ್ಲ ಅದು.”

ಮರುದಿನದಿಂದ ಅವಳು ನಾನು ತಟ್ಟಿದ ರೊಟ್ಟಿ ಮುಟ್ಟಲಿಲ್ಲ. ನನ್ನ ಕೋಣೆಗೆ ಬರುವವರು ನಮ್ಮ ಪಡಸಾಲೆ ದಾಟಿಯೇ ಬರಬೇಕಿತ್ತು. ಒಬ್ಬೊಬ್ಬರು ಹೋದ ಮೇಲೂ ಅವಳು ಹಿತ್ತಾಳೆ ಚೊಂಬಿನಲ್ಲಿ ಅರಿಸಿನದ ನೀರು ತಂದು ಬಾಗಿಲಿನಿಂದ ಕೋಣೆಯವರೆಗೆ ಚಿಮುಕಿಸುತ್ತಿದ್ದಳು. ಕೆಲವೊಮ್ಮೆ ಗಿರಾಕಿ ಇನ್ನೂ ಚಪ್ಪಲಿ ಹಾಕಿಕೊಳ್ಳುತ್ತಿರುವಾಗಲೇ ಚೊಂಬು ಬರುತ್ತಿತ್ತು. ಬೆನ್ನ ಮೇಲೆ ಹನಿ ಬಿದ್ದು ತಿರುಗಿ ನೋಡಿದವರು ಮತ್ತೆ ಬರಲಿಲ್ಲ.

ಉಳಿದವರು ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಇಬ್ಬರು ಹುಡುಗಿಯರು. ಅವರಿಗೆ ಅರಿಸಿನದ ನೀರೂ ಒಂದು ತಮಾಷೆ. ಅವರ ಬೆರಳು ಹಿಡಿಯುವ ಮೊದಲು ನಾನು ಪ್ರತಿಸಲವೂ, “ಏನಾದ್ರೂ ತಪ್ಪಾದ್ರೆ ಹೇಳಿ, ನೋವಾದ್ರೆ ಹೇಳಿ, ಬೇಜಾರು ಮಾಡ್ಕೋಬೇಡಿ,” ಎನ್ನುತ್ತಿದ್ದೆ. ಒಂದು ದಿನ ಅವರಲ್ಲೊಬ್ಬಳು ಕೈ ಹಿಂದೆಳೆದುಕೊಂಡಳು.

“ಅಕ್ಕ, ನೀವು ಹಂಗಂದ್ರೆ ನಮ್ಗೇ ಹೆದ್ರಿಕೆ ಆಗುತ್ತೆ. ಬಸ್ ಹತ್ತಿದ ಕೂಡ್ಲೇ ಡ್ರೈವರ್ರು ‘ಎಲ್ಲಾದ್ರೂ ಗುದ್ದಿದ್ರೆ ಬೇಜಾರು ಮಾಡ್ಕೋಬೇಡಿ’ ಅಂತಾರಾ?”

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ, ಕೆನ್ನೆಗೆ ಹೊಡೆದ ಹಾಗಾಯಿತು. ಆದರೆ ಅಂದಿನಿಂದ ಆ ಮಾತು ಬಿಟ್ಟೆ. ಬಾಯಿ ಬಿಟ್ಟಿತು, ಕೈ ಬಿಡಲಿಲ್ಲ. ಗಿರಾಕಿಯ ಬೆರಳು ಅಂಗೈಗೆ ಬಂದ ಕೂಡಲೇ ಮಣಿಕಟ್ಟಿನಿಂದ ಒಂದು ಸಣ್ಣ ನಡುಕ ಹೊರಡುತ್ತಿತ್ತು.

ಆ ಹುಡುಗಿಯರ ಮೂಲಕವೇ ಮದುವೆಯ ಕೆಲಸ ಬಂತು. ಭದ್ರಾವತಿಯ ಒಬ್ಬ ವ್ಯಾಪಾರಸ್ಥರ ಮಗಳು. ಚಿಕ್ಕಂದಿನಿಂದ ಉಗುರು ಕಚ್ಚುವ ಚಟ, ಬೆರಳ ತುದಿಗಳೆಲ್ಲ ಮೊಂಡಾಗಿದ್ದವು. ಅವುಗಳ ಮೇಲೆ ಪ್ಲಾಸ್ಟಿಕ್ಕಿನ ಉದ್ದ ಉಗುರು ಅಂಟಿಸಿ, ಕೆಂಪು ಬಣ್ಣ ಹಚ್ಚಬೇಕು. ಅಂಟಿಸುವ ಉಗುರು ಆಗಿನ್ನೂ ನಮ್ಮ ಕಡೆ ಹೊಸದು. ಶಿವಮೊಗ್ಗದ ಗಾಂಧಿ ಬಜಾರಿನ ಫ್ಯಾನ್ಸಿ ಅಂಗಡಿಯಿಂದ ಎರಡು ಪೆಟ್ಟಿಗೆ ತಂದು, ನನ್ನ ಎಡಗೈಗೆ ಅಂಟಿಸಿ, ಕಿತ್ತು, ಮತ್ತೆ ಅಂಟಿಸಿ ಒಂದು ವಾರ ಅಭ್ಯಾಸ ಮಾಡಿದೆ.

ಮದುವೆ ದಿನ ಬೆಳಿಗ್ಗೆ ಕಲ್ಯಾಣ ಮಂಟಪದಲ್ಲಿ ಮದುಮಗಳ ಕೋಣೆಯ ಬಾಗಿಲು ತಳ್ಳಿದರೆ ಎದುರಿಗೆ ಮೇಡಂ! ತಲೆ ಬಾಚುವುದು, ಮುಖದ ಮೇಕಪ್ಪು ಅವರಿಗೆ ಕೊಟ್ಟಿದ್ದಾರೆಂದು ನನಗೆ ಯಾರೂ ಹೇಳಿರಲಿಲ್ಲ. ಅವರು ಜಡೆಗೆ ಮಲ್ಲಿಗೆ ಸುತ್ತುತ್ತಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಮದುಮಗಳ ಸೋದರತ್ತೆಗೆ ಹೇಳಿದರು:

“ಇವಳನ್ನ ಕರೆಸಿದೀರಾ? ಸ್ವಲ್ಪ ಜೋಪಾನ ಅಮ್ಮ. ಇವಳ ಕೈ ನಡುಗುತ್ತೆ. ನಮ್ಮಲ್ಲಿ ರಕ್ತ ಬರ್ಸಿದ್ದಕ್ಕೇ ಕಳಿಸಿದ್ದು.”

ಸೋದರತ್ತೆ ನನ್ನ ಕೈಯನ್ನೇ ನೋಡುತ್ತ ನಿಂತರು. ಅಂಟು ಹಿಡಿಯಬೇಕಾದರೆ ಉಗುರಿನ ನಯವಾದ ಮೈಯನ್ನು ಮೊದಲು ಉಜ್ಜುವ ಅರದಿಂದ ಒರಟು ಮಾಡಬೇಕು. ಆ ಕಚ್ಚಿದ ಉಗುರುಗಳ ಸುತ್ತ ಬರೀ ಹಸಿ ಚರ್ಮ. ಅರ ಒಂದಿಷ್ಟು ಜಾರಿದರೂ ರಕ್ತ. ಅಷ್ಟು ಜನರ ಮುಂದೆ ಮತ್ತೆ ರಕ್ತ ಬರುವುದು ಬೇಡವೆಂದು ಸುಮ್ಮನೆ ಮೇಲೆ ಮೇಲೆ ಸವರಿದ ಹಾಗೆ ಮಾಡಿ ಅಂಟಿಸಿಬಿಟ್ಟೆ. ನೋಡುವುದಕ್ಕೆ ಚೆನ್ನಾಗಿತ್ತು. ಮದುಮಗಳು ಹತ್ತೂ ಬೆರಳು ಹರಡಿಕೊಂಡು ಖುಷಿಪಟ್ಟಳು. ಮೇಡಂ ಕನ್ನಡಿಯೊಳಗಿನಿಂದಲೇ ತುಟಿ ಓರೆ ಮಾಡಿದರು.

ಧಾರೆ ಸುಸೂತ್ರವಾಗಿ ಮುಗಿಯಿತು. ಊಟಕ್ಕೆ ಕೂತೆವು. ನನ್ನ ಎದುರು ಸಾಲಿನಲ್ಲೇ ಗಂಡು-ಹೆಣ್ಣು. ಒಬ್ಬರಿಗೊಬ್ಬರು ತಿನ್ನಿಸಿ ಎಂದು ಹುಡುಗರು ಗಲಾಟೆಯೆಬ್ಬಿಸಿದರು. ಮದುಮಗಳು ತುಪ್ಪ ಸುರಿದ ಹೋಳಿಗೆ ಮುರಿದು ಗಂಡನ ಬಾಯಿಗಿಟ್ಟಳು. ಅವನು ಅಗಿದ. ಮತ್ತೊಮ್ಮೆ ಅಗಿದು ನಿಲ್ಲಿಸಿದ. ಬಾಯಿಗೆ ಬೆರಳು ಹಾಕಿ, ಕೆಂಪನೆಯ ಒಂದು ಉಗುರನ್ನು ಹೊರಗೆ ತೆಗೆದ.

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಗಂಡಿನ ಕಡೆಯ ಹೆಂಗಸೊಬ್ಬಳು, “ಅಯ್ಯೋ ಶಿವನೇ, ಹುಡುಗಿ ಉಗುರೇ ಕಿತ್ತು ಬಂತು!” ಎಂದು ಚೀರಿದಳು. ಪಂಕ್ತಿಗೆ ಪಂಕ್ತಿಯೇ ಎದ್ದು ನೋಡಿತು. ಅದು ಪ್ಲಾಸ್ಟಿಕ್ಕು ಎಂದು ಗೊತ್ತಾದ ಮೇಲೆ ನಗು ಶುರುವಾಯಿತು. ಮದುಮಗಳು ಕೈಯನ್ನು ಸೀರೆಯೊಳಗೆ ಬಚ್ಚಿಟ್ಟುಕೊಂಡು ತಲೆ ತಗ್ಗಿಸಿದಳು.

ನಾನೇನು ಮಾಡಿದೆ? ಎಲೆಯನ್ನೂ ಮಡಚದೆ, ಬ್ಯಾಗು ತೆಗೆದುಕೊಂಡು, ಅಡುಗೆಯವರು ಪಾತ್ರೆ ತೊಳೆಯುತ್ತಿದ್ದ ಹಿಂಬಾಗಿಲಿನಿಂದ ಓಡಿಬಿಟ್ಟೆ. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುವುದು ಉಗುರು ಬಿದ್ದದ್ದಕ್ಕಲ್ಲ, ಆ ಓಟಕ್ಕೆ.

ಮರುದಿನ ಬೆಳಿಗ್ಗೆ ಸೋದರತ್ತೆ ನಮ್ಮ ಮನೆ ಬಾಗಿಲಿಗೇ ಬಂದರು. ವಾರಗಿತ್ತಿಗೆ ಹಬ್ಬ. ಕುರ್ಚಿ ತಂದು ಹಾಕಿದಳು, ಕಾಫಿ ತಂದು ಕೊಟ್ಟಳು, ತಾನು ಕಂಬಕ್ಕೆ ಒರಗಿ ನಿಂತಳು.

“ನಮ್ಮ ಹುಡುಗಿ ಹೆಸರೇನು ಗೊತ್ತಾ ಈಗ ಅವರ ಮನೇಲಿ? ‘ಉಗುರು’ ಅಂತ ಕರೀತಿದಾರೆ. ಬೀಗರ ಮುಂದೆ ತಲೆ ಎತ್ತೋ ಹಾಗಿಲ್ಲ ನಮ್ಗೆ,” ಎಂದರು ಸೋದರತ್ತೆ.

“ನಾನು ಮೊದ್ಲೇ ಬಡ್ಕೊಂಡೆ ಅಮ್ಮ, ಬೇಡ ಈ ದರಿದ್ರದ ಕೆಲ್ಸ ಅಂತ,” ಎಂದಳು ವಾರಗಿತ್ತಿ.

ರಾತ್ರಿಯೆಲ್ಲ ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಉತ್ತರ ಬೇರೆ ಇತ್ತು. ಅಂಟು ಕಳಪೆ, ಮೇಡಂ ಹುಡುಗಿಯ ಕೈಗೆ ಕ್ರೀಮು ಹಚ್ಚಿರಬೇಕು, ತುಪ್ಪದ ಜಿಡ್ಡಿಗೆ ಜಾರಿತು. ಆದರೆ ವಾರಗಿತ್ತಿಯ ಮುಖದ ಮೇಲಿದ್ದ ಆ ತೃಪ್ತಿ ನೋಡಿದ ಕೂಡಲೇ ಸುಳ್ಳು ಹೇಳಿ ತಪ್ಪಿಸಿಕೊಳ್ಳಲು ಮನಸ್ಸಾಗಲಿಲ್ಲ. ಅವಳ ಮುಂದೆ ಅಷ್ಟು ಸಣ್ಣವಳಾಗಲು ನಾನು ತಯಾರಿರಲಿಲ್ಲ.

“ತಪ್ಪು ನಂದೇ. ಅರ ಸರಿಯಾಗಿ ಆಡಿಸ್ಲಿಲ್ಲ. ರಕ್ತ ಬರುತ್ತೆ ಅಂತ ಹೆದರಿಬಿಟ್ಟೆ. ಉಳಿದ ಒಂಬತ್ತೂ ಇವತ್ತೋ ನಾಳೆಯೋ ಬೀಳ್ತವೆ,” ಎಂದೆ.

ಸೋದರತ್ತೆ ಇಂಥ ಉತ್ತರ ನಿರೀಕ್ಷಿಸಿರಲಿಲ್ಲ. “ಹೆದರೋರು ಮದುವೆ ಮನೆಗೆ ಯಾಕೆ ಬರ್ತೀರಿ?” ಎಂದರು.

“ಇನ್ಮೇಲೆ ಹೆದ್ರಲ್ಲ. ನಾಳೆ ಶಿವಮೊಗ್ಗದಲ್ಲಿ ಆರತಕ್ಷತೆ ಅಲ್ವಾ? ಬಂದು ಹತ್ತೂ ತೆಗೆದು ಹೊಸದಾಗಿ ಹಾಕ್ತೀನಿ.”

“ಆ ಮನೆ ಹೊಸಿಲು ದಾಟಿದ್ರೆ ಕಾಲು ಮುರೀತೀನಿ!” ಎಂದರು ಸೋದರತ್ತೆ.

ಅವರು ಹೋದ ಮೇಲೆ ವಾರಗಿತ್ತಿ ಚೊಂಬು ತಂದಳು. ಸೋದರತ್ತೆ ಕೂತಿದ್ದ ಕಡೆಗಲ್ಲ, ನನ್ನ ಕಾಲ ಬುಡಕ್ಕೇ ಚಿಮುಕಿಸಿದಳು. ಗಂಡ, “ಹೋಗ್ಬೇಡ ಮಾರಾಯ್ತಿ, ಆಗಿದ್ದು ಆಯ್ತು. ನಾಲ್ಕು ದಿನ ಕಳೆದ್ರೆ ಜನ ಮರೀತಾರೆ,” ಎಂದ. ಅವರು ಮರೆಯಬಹುದು, ನಾನು ಮರೆಯುವುದಿಲ್ಲವಲ್ಲ. ಹೋದೆ.

ಮರುದಿನ ಶಿವಮೊಗ್ಗದ ಗಂಡಿನ ಮನೆಯ ಹೊಸಿಲಲ್ಲಿ ನನ್ನನ್ನು ತಡೆಯಲು ಸೋದರತ್ತೆ ಇನ್ನೂ ಬಂದಿರಲಿಲ್ಲ. ಮದುಮಗಳೇ ಕೋಣೆಯಿಂದ ಹೊರಗೆ ಬಂದಳು. ಅಷ್ಟರಲ್ಲಾಗಲೇ ಐದು ಉಗುರು ಉದುರಿದ್ದವು.

“ಇನ್ನೇನು ಬಾಕಿ ಇದೆ ಅಂತ ಬಂದ್ರಿ?” ಎಂದಳು. ಮದುವೆಗೆ ಮುಂಚೆ ನನ್ನನ್ನು ಅಕ್ಕ ಎನ್ನುತ್ತಿದ್ದವಳು ಈಗ ಹಾಗೆ ಕರೆಯಲಿಲ್ಲ.

“ಸಂಜೆ ಆರತಕ್ಷತೇಲಿ ಐದು ಬೆರಳು ಹಿಂಗೇ ತೋರಿಸ್ತೀರಾ, ಇಲ್ಲಾ ನಂಗೆ ಎರಡು ಗಂಟೆ ಕೊಡ್ತೀರಾ?”

ಅವಳು ಬೆರಳು ನೋಡಿಕೊಂಡಳು. ಬೇರೆ ದಾರಿಯಿರಲಿಲ್ಲ. ಕಿಟಕಿ ಪಕ್ಕ ಮೇಜು ಎಳೆದುಕೊಂಡು ಕೂತೆವು. ಉಳಿದ ಐದನ್ನು ರಿಮೂವರಿನಲ್ಲಿ ನೆನೆಸಿ ಬಿಡಿಸಿದೆ. ಹಳೆಯ ಅಂಟನ್ನೆಲ್ಲ ಒರೆಸಿದೆ. ಮೊದಲನೆಯ ಬೆರಳಿಗೆ ಅರ ಇಡುವ ಹೊತ್ತಿಗೆ ಸರಿಯಾಗಿ ಮೇಕಪ್ ಪೆಟ್ಟಿಗೆ ಹಿಡಿದು ಮೇಡಂ ಒಳಗೆ ಬಂದರು.

“ಮತ್ತೆ ಇವಳೇನಾ? ನೋಡಮ್ಮ, ಈಗ್ಲೂ ನಡುಗ್ತಿದೆ ಅವಳ ಕೈ.”

ನಡುಗುತ್ತಿದ್ದುದು ನಿಜ. ನಾನು ತಲೆಯೆತ್ತಿದೆ.

“ಹೌದು ಮೇಡಂ, ನಡುಗುತ್ತೆ. ಅದಕ್ಕೇ ಟವೆಲ್ ಮಡಚಿಟ್ಕೊಂಡು ಮಣಿಕಟ್ಟು ಊರಿ ಮಾಡ್ತೀನಿ. ನಿಮ್ಮ ನಾಲಿಗೆಗೆ ಊರೋಕೆ ಟವೆಲ್ ಇಲ್ಲ. ನನ್ನ ಕೆಲಸ ಮುಗಿಯೋವರೆಗೂ ಹೊರಗಿರಿ.”

ನಾನು ಯಾರಿಗಾದರೂ ಹಾಗೆ ಮಾತಾಡಿದ್ದು ಜೀವನದಲ್ಲಿ ಅದೇ ಮೊದಲು. ಮೇಡಂ ಬಾಯಿ ತೆರೆದರು. ಅಷ್ಟರಲ್ಲಿ ಮದುಮಗಳು, “ಮೇಡಂ, ಸ್ವಲ್ಪ ಹೊತ್ತು ಆಚೆ ಇರಿ,” ಎಂದಳು. ನನ್ನ ಮೇಲಿನ ಪ್ರೀತಿಗಲ್ಲ, ಹೊತ್ತಾಗುತ್ತದೆಂಬ ಅವಸರಕ್ಕೆ. ಮೇಡಂ ಬಾಗಿಲು ಬಡಿದುಕೊಂಡು ಹೋದರು.

ಈ ಸಲ ಒಂದೊಂದು ಉಗುರನ್ನೂ ಮೂಲೆಯವರೆಗೆ ಒರಟು ಮಾಡಿದೆ. ನಾಲ್ಕನೆಯ ಬೆರಳಿನಲ್ಲಿ ಅರ ಜಾರಿತು, ಚೂರು ರಕ್ತ ಬಂತು. ಹತ್ತಿ ಒತ್ತಿ ಹಿಡಿದೆ. ನಿಂತಿತು. ಇಷ್ಟೇನಾ ಇದು, ಇದಕ್ಕಾ ನಾನು ಇಷ್ಟು ದಿನ ಹೆದರಿದ್ದು ಅನ್ನಿಸಿತು. ಆ ಬೆರಳನ್ನು ಕೊನೆಗೆ ಬಿಟ್ಟು, ಮುಂದಿನದನ್ನು ಹಿಡಿದೆ. ಅಂಟು ಹಾಕಿ ಒಂದೊಂದನ್ನೂ ಮೂವತ್ತು ಎಣಿಸುವವರೆಗೆ ಅದುಮಿ ಹಿಡಿದೆ. ಎಲ್ಲ ಒಣಗಿದ ಮೇಲೆ ಒದ್ದೆ ಟವೆಲನ್ನು ಅವಳ ಕೈಗೆ ಕೊಟ್ಟೆ.

“ಹಿಂಡಿ.”

“ಬಿದ್ರೆ?”

“ಇಲ್ಲೇ ಬೀಳ್ಲಿ, ಮತ್ತೆ ಹಾಕ್ತೀನಿ. ಗಟ್ಟಿಯಾಗಿ ಹಿಂಡಿ.”

ಹಿಂಡಿದಳು. ನೀರು ಸುರಿಯಿತು. ಹತ್ತೂ ಉಗುರು ಹಾಗೇ ಇದ್ದವು. ಬಾಗಿಲಲ್ಲಿ ಇಣುಕಿದ ಅವಳ ಗಂಡ, “ಇವತ್ತು ನಾನು ಚಮಚದಲ್ಲೇ ತಿಂತೀನಪ್ಪ,” ಎಂದ. ಅವಳು ನಗಲಿಲ್ಲ. ಹೊರಗೆ ಬರುವಾಗ ಸೋದರತ್ತೆ ಜಗಲಿಯಲ್ಲೇ ಸಿಕ್ಕರು. ಕಾಲು ಮುರಿಯಲಿಲ್ಲ. ‘ಊಟಕ್ಕೆ ಇರು’ ಎಂದೂ ಹೇಳಲಿಲ್ಲ. ಹೇಳಿದ್ದರೂ ನಾನು ಇರುತ್ತಿರಲಿಲ್ಲ.

ಮನೆಗೆ ಬಂದಾಗ ವಾರಗಿತ್ತಿ ಕೇಳಿದ್ದು ಒಂದೇ ಮಾತು: “ಹೊಡೆದ್ರಾ?”

“ಇಲ್ಲ ಅಕ್ಕ,” ಎಂದೆ. ಅವಳ ಮುಖ ಬಾಡಿತು. ಆ ಬಾಡಿದ ಮುಖ ನೋಡಿ ನನಗಾದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ.

ಆರತಕ್ಷತೆಯಲ್ಲಿ ಉಗುರು ಬೀಳಲಿಲ್ಲ ಎಂಬ ಸುದ್ದಿ ಎಲ್ಲಿಗೂ ತಲುಪಲಿಲ್ಲ. ಹೋಳಿಗೆಯಲ್ಲಿ ಉಗುರು ಸಿಕ್ಕಿದ ಸುದ್ದಿ ಮಾತ್ರ ಊರೆಲ್ಲ ಸುತ್ತಿತು. ‘ಹೋಳಿಗೆ ಉಗುರಿನವಳು’ ಯಾರೆಂದು ನೋಡಲೆಂದೇ ಕೆಲವರು ಬಂದರು. ಮುಸಿಮುಸಿ ನಗುತ್ತ ಬಾಗಿಲಲ್ಲಿ ನಿಂತವರಿಗೆ ನಾನೇ ಕುರ್ಚಿ ತೋರಿಸಿ, “ನೋಡಿದ್ದಾಯ್ತಲ್ಲ, ಕೂತ್ಕೊಳ್ಳಿ, ಕೈ ಕೊಡಿ,” ಎನ್ನುತ್ತಿದ್ದೆ. ಅರ್ಧ ಜನ ಓಡಿಹೋಗುತ್ತಿದ್ದರು. ಉಳಿದರ್ಧ ಕೂತರು. ಕೂತವರಲ್ಲಿ ಕೆಲವರು ಎರಡನೆಯ ಸಲವೂ ಬಂದರು. ವರ್ಷದೊಳಗೆ ಗಂಡ ಕೋಣೆಯ ಗೋಡೆ ಒಡೆದು ಬೀದಿಗೆ ಒಂದು ಬಾಗಿಲಿಟ್ಟುಕೊಟ್ಟ. ಗಿರಾಕಿಗಳು ಪಡಸಾಲೆ ದಾಟುವುದು ತಪ್ಪಿತು.

ಮೇಡಂ ಮತ್ತು ನಾನು ಆಮೇಲೆ ಎಷ್ಟೋ ಮದುವೆಗಳಲ್ಲಿ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು. ಮಾತಿಲ್ಲ. ಅವರು ಎಡಕ್ಕೆ ಕೂತರೆ ನಾನು ಬಲಕ್ಕೆ. ಅವರನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ. ನನ್ನ ಕೈಯ ಬಗ್ಗೆ ಅವರು ಹೇಳಿದ್ದು ಸುಳ್ಳಲ್ಲ, ಆದರೆ ಹೇಳಿದ ರೀತಿಯನ್ನು ನಾನು ಕ್ಷಮಿಸಿಲ್ಲ.

ಹೊಸ ಬಾಗಿಲಿನ ಮೇಲೆ ಒಂದು ಬೋರ್ಡು ಬರೆಸಿ ಹಾಕಿದೆ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಅದರ ತುಂಬ ಸಗಣಿ ಮೆತ್ತಿದ್ದರು. ಯಾರೆಂದು ಕೇಳಲು ಹೋಗಲಿಲ್ಲ. ಅಷ್ಟು ಹೊತ್ತಿಗೇ ಒಳಗೆ ಒಬ್ಬಳು ಬಂದು ಕೂತಿದ್ದಳು. ಅವಳ ಕೈಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ನೆನೆಯಲು ಬಿಟ್ಟು, ಬಕೆಟ್ಟು ಬ್ರಷ್ಷು ತಂದು, ಸ್ಟೂಲು ಹತ್ತಿ ಬೋರ್ಡು ತಿಕ್ಕಿದೆ. ಬೀದಿಯವರು ನಿಂತು ನೋಡಿದರು. ಯಾರೂ ಸ್ಟೂಲು ಹಿಡಿದುಕೊಳ್ಳಲಿಲ್ಲ.