ಭಾವನ ಕೈಗುಣ

ನಮ್ಮ ಭಾವನಿಗೆ ಜಂಬ ಇತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಡೀ ಗ್ಯಾರೇಜಿನಲ್ಲಿ ಕೈಗವಸು ಹಾಕದೆ ಕೆಲಸ ಮಾಡುತ್ತಿದ್ದ ಪೇಂಟರ್ ಅವರೊಬ್ಬರೇ. ಯಾಕೆ ಎಂದು ಕೇಳಿದರೆ, "ಬಾಯಿಗೆ ಬಟ್ಟೆ ಕಟ್ಕೊಂಡು ಯಾರಾದ್ರೂ ಊಟ ಮಾಡ್ತಾರೇನೋ?" ಎಂದು ನನ್ನನ್ನೇ ದಬಾಯಿಸುತ್ತಿದ್ದರು. ನಾನು ಅದೇ ಗ್ಯಾರೇಜಿನ ಹಿಂದಿನ ಮೂಲೆಯಲ್ಲಿ ಸೀಟಿನ ಹೊದಿಕೆ ಹೊಲಿಯುವವನು, ಅವರ ಹೆಂಡತಿಯ ತಮ್ಮ. ಭಾವನನ್ನು ಕಿಚಾಯಿಸುವುದು ನನ್ನ ಹಕ್ಕು. ಆ ಹಕ್ಕನ್ನು ನಾನು ಯಾವತ್ತೂ ಬಿಟ್ಟುಕೊಟ್ಟವನಲ್ಲ.

ಕಾರಿನ ಮೈಗೆ ಬಣ್ಣ ಹೊಡೆಯುವವರು ಬೇರೆ ಇದ್ದರು. ಭಾವನ ಪಾಲಿಗೆ ಬರುತ್ತಿದ್ದದ್ದು ಕಾರಿನ ಒಡವೆ ವಸ್ತ್ರ: ಕಿಟಕಿಯ ಸುತ್ತ ಓಡುವ ಕ್ರೋಮ್ ಪಟ್ಟಿ, ಮುಂದಿನ ಜಾಲರಿ, ಬಾಗಿಲ ಹಿಡಿ, ಕನ್ನಡಿಯ ಪ್ಲಾಸ್ಟಿಕ್ ಟೋಪಿ, ಬಂಪರಿನ ಅಂಚು. ಹಿಂದೆಲ್ಲ ಜನ ಕ್ರೋಮ್ ಫಳಫಳ ಹೊಳೆಯಲಿ ಎಂದು ಉಜ್ಜಿಸಿಕೊಂಡು ಹೋಗುತ್ತಿದ್ದರು. ಈಗ ಅದನ್ನೇ ಕಪ್ಪು ಮಾಡಿಕೊಡಿ ಎಂದು ಸಾಲುಗಟ್ಟಿ ಬರುತ್ತಾರೆ. ಹೊಸ ಕಾರು ತಂದು ಮೂತಿಗೆ ಮಸಿ ಬಳಿಸಿಕೊಳ್ಳುವ ಈ ಶೋಕಿ ನನಗಂತೂ ಅರ್ಥವಾಗಿಲ್ಲ. ಅದರಿಂದಲೇ ನಮ್ಮ ಅಕ್ಕನ ಮನೆಯ ಒಲೆ ಉರಿಯುತ್ತಿದ್ದುದರಿಂದ ಬಾಯಿ ಮುಚ್ಚಿಕೊಂಡಿದ್ದೆ.

ಕ್ರೋಮ್ ಮೇಲೆ ಬಣ್ಣ ಸುಮ್ಮನೆ ಕೂರುವುದಿಲ್ಲ. ಹಾಗೇ ಹೊಡೆದರೆ ಉಗುರು ತಾಗಿದ ಕಡೆ ಸಿಪ್ಪೆ ಎದ್ದುಬರುತ್ತದೆ. ಅದರ ಹೊಳಪನ್ನೆಲ್ಲ ಉಪ್ಪುಕಾಗದದಿಂದ ತಿಕ್ಕಿ ಸಾಯಿಸಬೇಕು, ಸಂದುಗೊಂದುಗಳಲ್ಲಿ ಕೂಡ. ಪ್ಲಾಸ್ಟಿಕ್ಕಿನದು ಇನ್ನೊಂದು ರಗಳೆ. ಅದಕ್ಕೂ ಬಣ್ಣಕ್ಕೂ ಸಂಬಂಧ ಕುದುರಿಸಲು ನಡುವೆ ಬೇರೆಯದೇ ಪ್ರೈಮರ್ ಬೇಕು. ಎಲ್ಲ ಆದ ಮೇಲೆ ಭಾವ ಅದರ ಮೇಲೆ ನೀರು ಸುರಿದು ನೋಡುತ್ತಿದ್ದರು. ಜಿಡ್ಡು ಹೋಗಿದ್ದರೆ ನೀರು ಹಾಳೆಯಂತೆ ಹರಡಿಕೊಳ್ಳುತ್ತದೆ, ಇಲ್ಲದಿದ್ದರೆ ಮಣಿಮಣಿಯಾಗಿ ಒಡೆದು ಉರುಳುತ್ತದೆ. ನೀರು ಒಣಗಿದ ಮೇಲೆ ಕಣ್ಣು ಮುಚ್ಚಿಕೊಂಡು ಪಟ್ಟಿಯ ಉದ್ದಕ್ಕೂ ಬರಿ ಬೆರಳಿನಿಂದ ಒಂದು ಸಲ ಸವರುತ್ತಿದ್ದರು. ಎಲ್ಲೋ ಉಳಿದ ಸಾಸಿವೆಯಷ್ಟು ಹೊಳಪು ಕಣ್ಣಿಗೆ ತಪ್ಪಿದರೂ ಬೆರಳಿಗೆ ಸಿಕ್ಕಿಬೀಳುತ್ತಿತ್ತು. ಅದು ಅವರ ಕೈಗುಣ ಎಂದು ಗ್ಯಾರೇಜಿನವರೆಲ್ಲ ಹೇಳುತ್ತಿದ್ದರು. ನಾನು ಮಾತ್ರ ಅವರ ಎದುರಿಗೆ ಹೇಳುತ್ತಿರಲಿಲ್ಲ, ಮೊದಲೇ ಜಂಬದ ಮನುಷ್ಯ.

ಹೀಗಿರುವಾಗ ಅಕ್ಕ ಬಿದ್ದಳು. ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಮಹಡಿ ಮೆಟ್ಟಿಲು ಹತ್ತುವಾಗ ಕಾಲು ಜಾರಿತು. ಬೆನ್ನುಮೂಳೆಗೆ ಪೆಟ್ಟಾಯಿತು. ಸೊಂಟದ ಕೆಳಗೆ ಅವಳಿಗೆ ಏನೂ ಗೊತ್ತಾಗುವುದಿಲ್ಲ ಎಂದು ಡಾಕ್ಟರು ಹವಾಮಾನ ಹೇಳುವವರ ಹಾಗೆ ಹೇಳಿ ಎದ್ದುಹೋದರು. ಮನೆ ತುಂಬ ಓಡಾಡಿ ನಮ್ಮಿಬ್ಬರನ್ನೂ ಗದರಿಸುತ್ತಿದ್ದವಳು ಮಂಚ ಹಿಡಿದಳು. ಗದರಿಸುವುದನ್ನು ಬಿಡಲಿಲ್ಲ, ಮಂಚದಿಂದಲೇ ಮುಂದುವರಿಸಿದಳು. ಮಕ್ಕಳಿಲ್ಲದ ಮನೆ. ಮದುವೆಯ ಯೋಗ ಕೂಡಿಬರದ ನಾನು ಪಕ್ಕದ ಕೋಣೆಯಲ್ಲಿ ಇದ್ದವನು. ಇರುವುದೇ ಮೂವರು.

ಮಲಗಿದಲ್ಲೇ ಮಲಗಿ ಅವಳ ಬೆನ್ನಿಗೆ, ಸೊಂಟಕ್ಕೆ ಹುಣ್ಣಾಯಿತು. ಆಸ್ಪತ್ರೆಯ ನರ್ಸಮ್ಮ ಒಂದು ಬಿಳಿ ಮುಲಾಮು ಕೊಟ್ಟು, "ಇದು ಚರ್ಮದ ಮೇಲೆ ಪದರ ಕಟ್ಟತ್ತೆ, ಬೆವರು ನೀರು ಏನೂ ತಾಗಲ್ಲ. ದಿನಾ ಬೆಳಿಗ್ಗೆ ಕತ್ತಿನಿಂದ ಕೆಳಗಿನವರೆಗೂ ಹಚ್ಚಿ" ಅಂದರು. ಹಚ್ಚಲು ಒಬ್ಬ ಹೆಂಗಸನ್ನು ಗೊತ್ತುಮಾಡಿದೆವು. ಆಕೆ ಅಕ್ಕನನ್ನು ಅಕ್ಕಿಮೂಟೆ ಹೊರಳಿಸಿದ ಹಾಗೆ ಹೊರಳಿಸಿದಳು. ಅಕ್ಕ ಮೊದಲ ದಿನವೇ ಆಕೆಯನ್ನು ಬೈದು ಓಡಿಸಿದಳು. ಆಮೇಲೆ ಭಾವನೇ ನಿಂತರು. ಬೆಳಿಗ್ಗೆ ಎದ್ದು ಅವಳ ಮೈ ಒರೆಸಿ, ಕೈಯಲ್ಲಿ ಮುಲಾಮು ತೆಗೆದುಕೊಂಡು, ಅಂಗೈಯಲ್ಲೇ ಬೆಚ್ಚಗೆ ಮಾಡಿ ಹಚ್ಚುತ್ತಿದ್ದರು. ಬಾಗಿಲು ಹಾಕಿರುತ್ತಿತ್ತು. ಒಳಗಿನಿಂದ ಅವರಿಬ್ಬರ ಮಾತು, ಒಮ್ಮೊಮ್ಮೆ ಅಕ್ಕನ ನಗು ಕೇಳುತ್ತಿತ್ತು. ಅವಳು ದಿನದಲ್ಲಿ ನಗುತ್ತಿದ್ದದ್ದು ಆಗ ಮಾತ್ರ.

ಅದೇ ತಿಂಗಳು ಗ್ಯಾರೇಜಿನಲ್ಲಿ ಬಣ್ಣಕ್ಕೆ ಮೀನುಕಣ್ಣು ಬೀಳಲು ಶುರುವಾಯಿತು.

ಮೀನುಕಣ್ಣು ಎಂದರೆ ಬಣ್ಣ ಹೊಡೆದ ಕೂಡಲೇ ಅಲ್ಲಲ್ಲಿ ದುಂಡಗೆ ಹಿಂದೆ ಸರಿದು ಗುಳಿ ಬೀಳುವುದು. ತಳದಲ್ಲಿ ಬೆತ್ತಲೆ ಲೋಹ ಕಾಣುತ್ತದೆ, ಯಾರೋ ಒಳಗಿನಿಂದ ಪಿಳಿಪಿಳಿ ನೋಡಿದಂತೆ. ಎಲ್ಲೋ ಕಣ್ಣಿಗೆ ಕಾಣದ ಜಿಡ್ಡು ಉಳಿದಿದೆ ಎಂದು ಅರ್ಥ. ಭಾವ ಬಣ್ಣವನ್ನೆಲ್ಲ ಕೆರೆದು ಮತ್ತೆ ಹೊಡೆದರು, ಮತ್ತೆ ಬಿತ್ತು. ಬಣ್ಣ ಚಿಮ್ಮಿಸುವ ಗಾಳಿಯ ಯಂತ್ರದಲ್ಲಿ ಸೇರಿದ್ದ ನೀರು ಬಸಿದರು, ಕೊಳವೆ ಬದಲಿಸಿದರು, ಬಣ್ಣದ ಕೋಣೆಯ ಗೋಡೆಗಳನ್ನು ಮಂಡಿಯೂರಿ ಕೂತು ತೊಳೆದರು. ಕಾರಿನ ಒಳಭಾಗಕ್ಕೆ ಪಾಲಿಶ್ ಹಾಕುವ ಮುದುಕನೊಂದಿಗೆ ಕಾದಾಟಕ್ಕೆ ಬಿದ್ದರು.

"ನಿನ್ನ ಆ ದರಿದ್ರ ಪಾಲಿಶ್ ಗಾಳೀಲಿ ಹಾರ್ಕೊಂಡು ಬರ್ತಿದೆ. ನನ್ನ ಅನ್ನಕ್ಕೆ ಯಾಕಯ್ಯ ಕಲ್ಲು ಹಾಕ್ತೀಯ?"

"ನಿನ್ನ ಕೈ ಕೆಟ್ಟರೆ ನನ್ನ ಪಾಲಿಶ್ ಏನು ಮಾಡತ್ತೆ?" ಎಂದು ಮುದುಕ ತಿರುಗಿ ಬಿದ್ದ. ನಡುವೆ ಹೋದ ನನಗೂ ಇಬ್ಬರಿಂದಲೂ ಪ್ರಸಾದ ಸಿಕ್ಕಿತು.

ಮುದುಕನ ಮಾತು ಗ್ಯಾರೇಜಿನ ಯಜಮಾನರ ಕಿವಿಗೆ ಬಿತ್ತು. ಅವರಿಗೆ ಅಷ್ಟೇ ಬೇಕಾಗಿತ್ತು. ಮರುದಿನ ಒಬ್ಬ ಸ್ಟಿಕ್ಕರ್‌ನವನು ಕಂಕುಳಲ್ಲಿ ಕಪ್ಪು ಹಾಳೆಯ ಸುರುಳಿ ಇಟ್ಟುಕೊಂಡು ಬಂದು ನಿಂತಿದ್ದ. ಕ್ರೋಮ್‌ಗೆ ಹಾಳೆ ಅಂಟಿಸಿ, ಬಿಸಿಗಾಳಿ ಬಿಟ್ಟು, ಅಂಚು ಕತ್ತರಿಸಿದರೆ ಮುಗಿಯಿತು. ತಿಕ್ಕುವುದಿಲ್ಲ, ತೊಳೆಯುವುದಿಲ್ಲ, ಮೀನುಕಣ್ಣಿಲ್ಲ. ಯಜಮಾನರು ಭಾವನ ಹೆಗಲ ಮೇಲೆ ಕೈಯಿಟ್ಟರು. ಅವರು ಹೆಗಲ ಮೇಲೆ ಕೈಯಿಟ್ಟರೆ ಕತ್ತಿಗೆ ಬಂತೆಂದೇ ಲೆಕ್ಕ.

"ನಿಮ್ಮ ಮನೆ ಕಷ್ಟ ನಂಗೊತ್ತಿಲ್ವಾ? ಆದ್ರೆ ಗಿರಾಕಿಗಳು ಕೇಳ್ಬೇಕಲ್ಲ. ಈ ಬೂದು ಕಾರಿಂದು ಪೂರ್ತಿ ನೀವೇ ಮಾಡಿ. ಇದೂ ಕೆಟ್ಟರೆ ನನ್ನ ಕೈಲೇನೂ ಇಲ್ಲ."

ಐವತ್ತು ದಾಟಿದ ಆ ವಯಸ್ಸಿನಲ್ಲಿ, ಬೇರೆ ಯಾವ ಕೆಲಸವೂ ಬರದ ಮನುಷ್ಯನನ್ನು ಯಾರು ಸೇರಿಸಿಕೊಳ್ಳುತ್ತಾರೆ? ಅಕ್ಕನ ಔಷಧಿ, ಮನೆಯ ಬಾಡಿಗೆ ಎಲ್ಲ ಆ ಬೂದು ಕಾರಿನ ಮೇಲೆ ನಿಂತಿತ್ತು. ಭಾವ ಮೊದಲು ಬಂಪರಿನ ಪ್ಲಾಸ್ಟಿಕ್ ಅಂಚು ಕೈಗೆತ್ತಿಕೊಂಡರು. ಅಷ್ಟು ಜೋಪಾನವಾಗಿ ಅವರು ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ಕೊನೆಯ ಸಲ ಬೆರಳಿಂದ ಸವರಿ, ಉಸಿರು ಬಿಗಿಹಿಡಿದು ಬಣ್ಣ ಹೊಡೆದರು. ಬೆರಳು ಹೋದ ದಾರಿಯುದ್ದಕ್ಕೂ ಒಂದರ ಹಿಂದೊಂದು ಕಣ್ಣು ಬಿಟ್ಟಿತು.

ಭಾವ ಸ್ಪ್ರೇ ಗನ್ ಕೆಳಗಿಟ್ಟರು. ಹಿತ್ತಲ ನಲ್ಲಿಗೆ ಹೋಗಿ ಮುಖ ತೊಳೆಯಲು ಬೊಗಸೆ ಒಡ್ಡಿದರು. ನಾನು ಹಿಂದೆಯೇ ಹೋಗಿದ್ದೆ. ಅವರು ಮುಖಕ್ಕೆ ನೀರು ಹಾಕಿಕೊಳ್ಳದೆ ಕೈಯನ್ನೇ ನೋಡುತ್ತ ನಿಂತುಬಿಟ್ಟರು. ಕೊಡವಿದರು, ಮತ್ತೆ ಒಡ್ಡಿದರು. ಅಂಗೈ ಮೇಲೆ ನೀರು ಹರಡುತ್ತಿರಲಿಲ್ಲ. ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾಗಿ ಉರುಳಿ ಬೀಳುತ್ತಿತ್ತು.

"ನೋಡೋ," ಅಂದರು. "ಅವಳ ಮುಲಾಮು."

ನನಗೆ ಖುಷಿಯೇ ಆಯಿತು. ಕಳ್ಳ ಸಿಕ್ಕ ಮೇಲೆ ಇನ್ನೇನು? "ಅಷ್ಟೇ ತಾನೆ! ಇನ್ಮೇಲಾದ್ರೂ ಜಂಬ ಬಿಟ್ಟು ಕೈಗವಸು ಹಾಕ್ಕೊಳ್ಳಿ" ಅಂದೆ. ಹಾಕಿಕೊಂಡರು. ಕನ್ನಡಿಯ ಟೋಪಿಗಳಿಗೆ ಕೈಗವಸಿನಲ್ಲೇ ಕೆಲಸ ಮಾಡಿದರು. ಮೀನುಕಣ್ಣು ಬೀಳಲಿಲ್ಲ. ಆದರೆ ಬೆರಳಿಗೆ ಬಟ್ಟೆ ಕಟ್ಟಿದ ಮೇಲೆ ಬೆರಳು ಕುರುಡಾಯಿತು. ಟೋಪಿಯ ಸುತ್ತಿನ ಕ್ರೋಮ್ ಅಂಚಿನಲ್ಲಿ ಒಂದು ಕಡೆ ಹೊಳಪು ಉಳಿದದ್ದು ಗೊತ್ತಾಗಲಿಲ್ಲ. ಕಾರು ತೊಳೆಯುವಾಗ ನೀರಿನ ಹೊಡೆತಕ್ಕೆ ಅಲ್ಲಿಂದ ಬಣ್ಣ ಹಾವಿನ ಪೊರೆಯಂತೆ ಎದ್ದುಬಂತು. ಯಜಮಾನರು ಆ ಸಿಪ್ಪೆಯನ್ನು ಎರಡು ಬೆರಳಲ್ಲಿ ಹಿಡಿದು ಭಾವನ ಮುಂದೆ ಆಡಿಸಿ ಹೋದರು. "ಕಿಟಕಿ ಪಟ್ಟಿಗಳು ಉಳಿದಿವೆ. ನಾಳೆ ನೋಡೋಣ" ಎಂದರು. ಅವರ ಮುಖಕ್ಕೆ ಒಂದು ಬಾರಿಸಬೇಕೆಂದು ನನ್ನ ಕೈ ತುರಿಸಿತು.

ನಲ್ಲಿಯ ಹತ್ತಿರ ಗುಟ್ಟು ತಿಳಿದ ಮೇಲಿನ ಈ ಒಂದು ವಾರದಲ್ಲಿ ಭಾವ ಮಾಡದ ಪ್ರಯತ್ನವಿಲ್ಲ. ಕೈಯನ್ನು ಬಣ್ಣ ಕರಗಿಸುವ ಥಿನ್ನರ್‌ನಲ್ಲಿ ಅದ್ದಿ ಅದ್ದಿ ತೊಳೆದರು. ಚರ್ಮ ಸೀಳಿ ರಕ್ತ ಬಂತು, ಮುಲಾಮು ಆ ಸೀಳುಗಳೊಳಗೇ ಹೋಗಿ ಕೂತಿತು. ನರ್ಸಮ್ಮನನ್ನು ಕೇಳಿ ಬೇರೆ ಮುಲಾಮು ತಂದರು, ಆರುತ್ತಿದ್ದ ಹುಣ್ಣು ಮತ್ತೆ ಬಾಯಿ ತೆರೆಯಿತು. ನಾನು ನಾಚಿಕೆ ಬಿಟ್ಟು, "ನಾನು ಹಚ್ಚಲೇನೇ?" ಎಂದು ಅಕ್ಕನನ್ನು ಕೇಳಿದೆ. "ಥೂ, ಹೋಗೋ" ಎಂದು ಮುಖ ಗೋಡೆಗೆ ತಿರುಗಿಸಿದಳು. ಉಳಿದದ್ದು ಒಂದೇ ದಾರಿ: ಗ್ಯಾರೇಜಿನಲ್ಲಿ ಬರಿಗೈ ಬೇಕಾದರೆ ಮನೆಯಲ್ಲಿ ಕೈಗವಸು ಹಾಕಬೇಕು.

ಸಿಪ್ಪೆ ಎದ್ದ ದಿನ ಸಂಜೆ ಮನೆಗೆ ಬಂದವರು ಅಕ್ಕನಿಗೆ ವಿಷಯ ಏನೂ ಹೇಳದೆ, ಅವಳ ಸೊಂಟಕ್ಕೆ ಒಂದು ಸಲ ಮುಲಾಮು ಹಚ್ಚಿ ನೋಡೋಣವೆಂದು ರಬ್ಬರ್ ಕೈಗವಸು ಹಾಕಿಕೊಂಡು ಒಳಗೆ ಹೋದರು. ಅದು ಭಾವ ಮಾಡಿದ ದಡ್ಡತನ. ಹೇಳಿ ಹೋಗಬೇಕಿತ್ತು. ಬಾಗಿಲಾಚೆಯಿಂದ ಅಕ್ಕನ ಧ್ವನಿ ಕೇಳಿಸಿತು.

"ಇದೇನ್ರೀ ಇದು? ನಾನು ಅಷ್ಟು ಅಸಹ್ಯ ಆಗ್ಬಿಟ್ನಾ ನಿಮಗೆ?"

"ಹಾಗಲ್ಲ ಕಣೇ..."

"ನಾತ ಬರ್ತಿದ್ಯಾ ನನ್ನಿಂದ? ಹೇಳ್ಬಿಡಿ. ಆಸ್ಪತ್ರೇಲಿ ಹೆಣ ಮುಟ್ಟೋರು ಹೀಗೆ ಹಾಕ್ಕೊಳ್ತಾರೆ."

ಆಮೇಲೆ ಅವಳು ಅತ್ತಳು. ಬಿದ್ದ ದಿನ ಅಳದವಳು, ಡಾಕ್ಟರು ಇನ್ನು ನಡೆಯಲಾರಳು ಎಂದಾಗ ಅಳದವಳು, ಆ ಎರಡು ತುಂಡು ರಬ್ಬರಿಗೆ ಬಿಕ್ಕಿಬಿಕ್ಕಿ ಅತ್ತಳು. ಭಾವ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದರು. ಕೈಗವಸು ಕಿತ್ತು ಎಸೆದರು.

"ಸಾಯೋದೊಂದೇ ಬಾಕಿ ಕಣೋ," ಅಂದರು. "ಅವಳನ್ನ ಮುಟ್ಟಿದ್ರೆ ಕೆಲಸ ಹೋಗತ್ತೆ. ಕೆಲಸ ಹೋದ್ರೆ ಅವಳು ಉಳಿಯಲ್ಲ. ನನ್ನ ಕೈನೇ ಕತ್ತರಿಸಿ ಹಾಕು."

 ಅವರು ಎಸೆದ ಕೈಗವಸು ಹೆಕ್ಕಿಕೊಂಡು ಒಳಗೆ ಹೋದೆ, ಅಕ್ಕನ ಮಂಚದ ಪಕ್ಕ ನಿಂತು ನಲ್ಲಿ ನೀರಿನಿಂದ ಹಿಡಿದು ಸ್ಟಿಕ್ಕರ್‌ನವನವರೆಗೆ ಎಲ್ಲವನ್ನೂ ಒದರಿಬಿಟ್ಟೆ. ಅವಳು ನಡುವೆ ಬಾಯಿ ಹಾಕಲಿಲ್ಲ. ಅಕ್ಕ ನಡುವೆ ಬಾಯಿ ಹಾಕದೆ ನನ್ನ ಮಾತು ಕೇಳಿದ್ದು ಅದೇ ಮೊದಲು.

ಬೆಳಿಗ್ಗೆ ಭಾವ ಬರಿಗೈಯಲ್ಲೇ ಅವಳ ಬಳಿ ಹೋದರು. ಕೆಲಸ ಹೋದರೆ ಹೋಗಲಿ ಎಂದು ತೀರ್ಮಾನಿಸಿದಂತಿತ್ತು. ಅಕ್ಕ ತಡೆದಳು.

"ರೀ, ಆ ಕೈಗವಸು ಹಾಕ್ಕೊಳ್ಳಿ."

"ಬೇಡ ಬಿಡೇ."

"ನಿಮಗೆ ಹೇಳಿರ್ಲಿಲ್ಲ. ಈಗೀಗ ನಂಗೆ ಬೆನ್ನೂ ಗೊತ್ತಾಗಲ್ಲ, ಕತ್ತಿನ ಕೆಳಗೆ ಎಲ್ಲ ಜೋಮು. ನೀವು ಬರಿಗೈಲಿ ಹಚ್ಚಿದ್ರೂ ಒಂದೇ, ಪೊರಕೇಲಿ ಹಚ್ಚಿದ್ರೂ ಒಂದೇ. ನಿನ್ನೆ ಸುಮ್ನೆ ಕೈಗವಸು ನೋಡಿ ಸಿಟ್ಟು ಬಂತು, ಅಷ್ಟೇ."

ಭಾವ ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ನಂಬಿದರೋ, ನಂಬದೆ ಬೇರೆ ದಾರಿ ಇರಲಿಲ್ಲವೋ. ಕೈಗವಸು ಹಾಕಿಕೊಂಡರು. ಬಾಗಿಲು ಮುಚ್ಚಿತು. ಒಳಗೆ ಅಕ್ಕ ಎಂದಿಗಿಂತ ಹೆಚ್ಚು ಮಾತಾಡಿದಳು, ನಕ್ಕಳು ಕೂಡ. ಭಾವನ ಸದ್ದು ಇರಲಿಲ್ಲ.

ಆ ದಿನ, ಸೀಳುಗಳವರೆಗೂ ಉಜ್ಜಿ ತೊಳೆದ ಭಾವನ ಅಂಗೈ ಮೇಲೂ ಕಿಟಕಿ ಪಟ್ಟಿಗಳ ಮೇಲೂ ನೀರು ಹಾಳೆಯಂತೆ ಹರಡಿತು. ಭಾವ ಕಣ್ಣು ಮುಚ್ಚಿ, ಒಡೆದ ಬೆರಳುಗಳಿಂದ ಸವರಿ, ಒಂದು ಕಡೆ ಬೆರಳು ನಿಲ್ಲಿಸಿ, ಅಲ್ಲಿ ಮತ್ತೆ ತಿಕ್ಕಿ, ಬಣ್ಣ ಹೊಡೆದರು. ಕರಿ ಬಣ್ಣ ಒಂದು ಸುಕ್ಕಿಲ್ಲದೆ ಕೂತಿತು. ಯಜಮಾನರು ಬಗ್ಗಿ ಅದರಲ್ಲಿ ತಮ್ಮ ಮುಖ ನೋಡಿಕೊಂಡರು. "ಆ ಬಂಪರು, ಟೋಪಿಗಳನ್ನೂ ಹೀಗೇ ಮತ್ತೆ ಮಾಡಿಬಿಡಿ" ಎಂದರು. ಸ್ಟಿಕ್ಕರ್‌ನವನು ಸುರುಳಿ ಎತ್ತಿಕೊಂಡು ಹೋದ. ಪಾಲಿಶ್ ಮುದುಕ ಬಂದು ಭಾವನ ಬೆನ್ನು ತಟ್ಟಿದ. ಭಾವ ತಲೆಯೆತ್ತಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ನಾನು ದಿನದಂತೆ ಅಕ್ಕನಿಗೆ ಊಟ ಕೊಡಲು ಗ್ಯಾರೇಜಿನ ಹಿಂದಿನ ಬೀದಿಯ ಮನೆಗೆ ಓಡಿದೆ. ಸುದ್ದಿ ಹೇಳಿದೆ. "ಕೆಲಸ ಉಳೀತಾ?" ಎಂದು ಕೇಳಿದಳು. ಹೂಂ ಅಂದೆ. ಕಣ್ಣು ಮುಚ್ಚಿಕೊಂಡಳು. ಬೆನ್ನ ಹಿಂದಿನ ದಿಂಬು ಜಾರಿತ್ತು. ಅದನ್ನು ಸರಿಮಾಡಲು ಕೈ ಹಾಕಿದೆ. ನನ್ನ ಬೆರಳು ಅವಳ ಬೆನ್ನಿನ ನಡುವೆ, ಹೆಗಲ ಮೂಳೆಗಳ ಸಂದಿಯಲ್ಲಿ, ತಾಗಿದ್ದೇ ತಡ, ಅವಳ ಮೈ ಜುಮ್ಮೆಂದಿತು.

"ಕೈ ಎಷ್ಟು ತಣ್ಣಗಿದೆಯೋ ನಿಂದು," ಎಂದಳು.

ನಾನು ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆ ಎಳೆದುಕೊಂಡೆ. 

"ನಿಮ್ಮ ಭಾವಂಗೆ ಹೇಳಿದ್ರೆ ನೋಡು ಮತ್ತೆ," ಎಂದಳು, ಕಣ್ಣು ತೆರೆಯದೆ. ಆಮೇಲೆ, ಜೀವಮಾನವಿಡೀ ನನಗೆ ಆಜ್ಞೆಯನ್ನೇ ಮಾಡಿದವಳು, ಬೇಡುವ ದನಿಯಲ್ಲಿ ಅಂದಳು: "ಇನ್ನೊಂದ್ಸಲ ಇಡೋ ಅಲ್ಲಿ. ಸ್ವಲ್ಪ ಹೊತ್ತು."

ಇಟ್ಟೆ. ಹೊರಗೆ, ಗ್ಯಾರೇಜಿನ ಕಡೆಯಿಂದ, ಬಿಡುವು ಮುಗಿದ ಗಂಟೆ ಕೇಳಿಸಿತು. ನಾನು ಕೈ ತೆಗೆಯಲಿಲ್ಲ.