ಬೀಗರ ಮುಖದಲ್ಲಿ ದೇವರನ್ನು ಹುಡುಕಿದ ಮಧ್ಯಾಹ್ನ

ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಬಂದ ಜನರೆಲ್ಲರ ಎದುರು ನಾನು ಸ್ವರ್ಗ ಬೇಡ ಎಂದುಬಿಟ್ಟೆ. ದೇವರ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಮಗಳ ಮಾವನ ಮೇಲೆ.

ಅಣೆಕಟ್ಟಿನ ಹಿನ್ನೀರು ಬಂದು ನಮ್ಮ ಊರು ಬೀಳಗಿ ಕಡೆಯ ದಿನ್ನೆಗೆ ಎದ್ದು ಬಂದ ಕಾಲ ಅದು. ಎಲ್ಲರ ಬಾಯಲ್ಲೂ ಸರಕಾರ ಕೊಡುವ ಪ್ಲಾಟಿನ ಮಾತು. ಯಾರದು ದೊಡ್ಡದು, ಯಾರದು ರಸ್ತೆಗೆ ಹತ್ತಿರ. ಚೀಟಿ ಎತ್ತಿದಾಗ ಬೀಗರಿಗೆ ಮೂಲೆಯ ಪ್ಲಾಟು ಬಂತು, ನನಗೆ ಹಿಂದಿನ ಸಾಲಿನದು. ಆ ಭಾನುವಾರ ಫಾದರ್ ಸ್ವರ್ಗದ ಪ್ರತಿಫಲದ ಬಗ್ಗೆ ಪ್ರಸಂಗ ಮಾಡಿದ್ದರು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಬೀಗರು ಮೀಸೆ ತಿರುವಿದರು.

“ಅಲ್ಲೂ ಮೂಲಿ ಪ್ಲಾಟ್ ನಂದ ನೋಡ್ರಿ ಬೀಗರ. ನಿಮಗ ಹಿಂದಿನ ಸಾಲ.”

ಜನ ನಕ್ಕರು. ನನಗೆ ಮೈಯೆಲ್ಲ ಉರಿಯಿತು. “ನೀವಿರೂ ಸ್ವರ್ಗ ನನಗ ಬ್ಯಾಡ್ರಿ,” ಅಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ನಿಮ್ಮ ಹೊಸ್ತಿಲು ತುಳಿಯುವುದಿಲ್ಲ, ನಿಮ್ಮ ಮನೆಯವರು ನನ್ನ ಹೊಸ್ತಿಲಿಗೆ ಬರಕೂಡದು ಎಂದೂ ಅಂದೆ. ನಿಮ್ಮ ಮನೆಯವರು ಎಂದಾಗ ಅದರಲ್ಲಿ ನನ್ನ ಮಗಳೂ ಸೇರಿದಳು ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಹೊಳೆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ. ಎರಡು ಓಣಿ ಆಚೆಗಿದ್ದ ಮಗಳು ತಾಯಿಯನ್ನು ನಳದ ಹತ್ತಿರ ಮಾತ್ರ ಕಾಣುತ್ತಿದ್ದಳು. ಹೀಗೆ ವರ್ಷ ಕಳೆಯಿತು.

ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಬಂತು. ಪಾಪನಿವೇದನೆ ಇಲ್ಲದೆ ಈಸ್ಟರಿನ ಪ್ರಸಾದಕ್ಕೆ ನಾಲಿಗೆ ಚಾಚುವ ಧೈರ್ಯ ನನಗಿರಲಿಲ್ಲ. ಹೋಗಿ ಜಾಲರಿಯ ಎದುರು ಮೊಣಕಾಲೂರಿ ಫಾದರಿಗೆ ಎಲ್ಲ ಹೇಳಿದೆ. ಫಾದರ್ ಮಂಗಳೂರು ಕಡೆಯ ಹುಡುಗ, ನನ್ನ ಮಗನ ವಯಸ್ಸು.

“ಸ್ವರ್ಗದಲ್ಲಿ ಪ್ಲಾಟುಗಳಿಲ್ಲ. ತಂಬಿಗೆಯೂ ತುಂಬಿರುತ್ತದೆ, ಕೊಡವೂ ತುಂಬಿರುತ್ತದೆ. ಯಾರಿಗೂ ಕಡಿಮೆಯಿಲ್ಲ,” ಎಂದರು.

“ಆದ್ರೂ ಕೊಡಾ ದೊಡ್ಡದಲ್ರಿ ಫಾದರ್?”

ಜಾಲರಿಯ ಆಚೆ ಒಂದು ದೊಡ್ಡ ಉಸಿರು ಕೇಳಿಸಿತು. ಆಮೇಲೆ ಪ್ರಾಯಶ್ಚಿತ್ತ ಹೇಳಿದರು. ದೇವರು ಮನುಷ್ಯನನ್ನು ತಮ್ಮ ಹೋಲಿಕೆಯಲ್ಲೇ ಸೃಷ್ಟಿಸಿದ್ದಾರೆ. ಬೀಗರ ಮನೆಯಲ್ಲಿ ಒಂದು ಹೊತ್ತು ಉಂಡು, ಅವರ ಮುಖದಲ್ಲಿ ಆ ಹೋಲಿಕೆಯನ್ನು ಕಂಡು ಬನ್ನಿ.

ಅವರು ಯಾವ ಅರ್ಥದಲ್ಲಿ ಹೇಳಿದರೋ, ನಾನು ಮಾತ್ರ ಮುಖವೆಂದರೆ ಮುಖ ಎಂದೇ ತಿಳಿದೆ.

ಮುಂದಿನ ಭಾನುವಾರ ಮಧ್ಯಾಹ್ನ ಹೇಳದೆ ಕೇಳದೆ ಹೋಗಿ ಬೀಗರ ಪಡಸಾಲೆಯಲ್ಲಿ ಕೂತೆ. ಬೀಗರು ಗಾಬರಿಯಾಗಿ ಎದ್ದು ನಿಂತರು, ಮತ್ತೆ ಕೂತರು. ಅವರ ಹೆಂಡತಿ ತೀರಿಕೊಂಡಿದ್ದರು, ಅಳಿಯ ಡ್ಯೂಟಿಗೆ ಹೋಗಿದ್ದ. ಮಗಳು ನನ್ನನ್ನು ಕಂಡವಳೇ ಒಳಗೆ ಓಡಿ, ಸಿಹಿ ಮಾಡಲೆಂದು ಸಜ್ಜಕಕ್ಕೆ ರವೆ ಹುರಿಯತೊಡಗಿದಳು. ವಾಸನೆ ಹೊರಗಿನವರೆಗೂ ಬಂತು.

ತಾಟು ಬಂದವು. ಒಂದು ತುತ್ತು ಬಾಯಿಗಿಡುವುದು, ಬೀಗರ ಮುಖ ನೋಡುವುದು, ಇದೇ ನನ್ನ ಕೆಲಸ. ಸಣ್ಣ ಕಣ್ಣು. ಎತ್ತಿನ ಕೋಡು ತಗುಲಿ ಸೊಟ್ಟಗಾದ ಮೂಗು. ಕಿವಿಯಲ್ಲಿ ಕೂದಲು. ಇದು ದೇವರ ಹೋಲಿಕೆಯಾದರೆ ದೇವರ ಕಿವಿಯಲ್ಲೂ ಕೂದಲಿದೆಯೇ? ಹೊಟ್ಟೆಯ ತಳದಿಂದ ನಗು ಏಳತೊಡಗಿತು. ರೊಟ್ಟಿ ತುರುಕಿ ಅದನ್ನು ಒಳಕ್ಕೆ ತಳ್ಳಿದೆ.

ಬೀಗರು ಟವೆಲಿನಿಂದ ಮುಖ ಒರೆಸಿಕೊಂಡರು. “ಏನರ ಹತ್ತೇತೇನ್ರಿ ಬೀಗರ, ಮಾರಿಗೆ?”

“ಏನಿಲ್ರಿ. ಉಣ್ರಿ.”

ಮತ್ತೆ ನೋಡಿದೆ. ಅವರ ಕೈ ನಿಂತಿತು. “ಖರೇನ ಹೇಳ್ರಿ. ಡಾಕ್ಟರ್ ನಿಮ್ಮ ಮುಂದ ಏನರ ಹೇಳ್ಯಾರೇನು? ನಾ ಹೋಗತೇನೇನ್ರಿ?”

ಬಾಗಿಲ ಮರೆಯಲ್ಲಿ ಮಗಳು ಕಿಸಕ್ಕೆಂದಳು. ನನಗಿನ್ನು ತಡೆಯಲಾಗಲಿಲ್ಲ. “ಫಾದರ್ ಪ್ರಾಯಶ್ಚಿತ್ತ ಕೊಟ್ಟಾರ್ರಿ. ನಿಮ್ಮ ಮಾರ್ಯಾಗ ದೇವರ ಹೋಲಿಕಿ ಕಂಡ ಬರಬೇಕಂತ.”

ಬೀಗರು ತಾಟು ಹಿಡಿದೆದ್ದು, ಬಾಗಿಲ ಬೆಳಕಿಗೆ ಸರಿದು ಕೂತು, ಮೀಸೆ ನೇವರಿಸಿ ಗದ್ದ ಮೇಲೆತ್ತಿದರು. “ಅಲ್ಲಿ ಕತ್ತಲಿತ್ತು. ಈಗ ನೋಡ್ರಿ. ಈ ಕಡಿಂದ ಛಲೋ ಕಾಣತೈತೇನು, ಆ ಕಡಿಂದ?”

ಬಾಯಲ್ಲಿದ್ದ ಸಜ್ಜಕ ನನ್ನ ಮೂಗಿಗೆ ಏರಿತು. ಅವರೂ ಬಿದ್ದು ಬಿದ್ದು ನಕ್ಕರು. ಇಬ್ಬರು ಮುದುಕರೂ ಕಣ್ಣೀರು ಸುರಿಸಿ ಕೆಮ್ಮುತ್ತಿದ್ದರೆ, ಮಗಳು ನಡುವೆ ನಿಂತು ಒಬ್ಬರಾದ ಮೇಲೊಬ್ಬರ ಬೆನ್ನು ಗುದ್ದಿದಳು.

ಉಸಿರು ತಿರುಗಿದ ಮೇಲೆ ಬೀಗರು ತುಪ್ಪದ ತಂಬಿಗೆ ತೆಗೆದುಕೊಂಡು ನನ್ನ ತಾಟಿಗೆ ಬಗ್ಗಿಸಿದರು. ಸಾಕ್ರಿ ಅಂದೆ. ಕೈ ಅಡ್ಡ ಹಿಡಿದೆ. ಬೆರಳ ಸಂದಿಯಿಂದ ತುಪ್ಪ ಇಳಿಯಿತು.

“ಆವತ್ತ ನಗಚಾಟಿಗಿ ಅಂದಿದ್ನಿರಿ,” ಎಂದರು, ತಾಟಿನತ್ತಲೇ ನೋಡುತ್ತ. “ಮೂಲಿ ಪ್ಲಾಟ್ ಬಂತು ಖರೆ. ಬಾಗಲಾ ತಗದ ಕುಂತರ ಬರಾಕ ಯಾರದಾರ?”

ಆ ಹೊತ್ತಿಗೆ ಅವರ ಮುಖದಲ್ಲಿ ಏನೋ ಕಂಡಿತು. ಮೂಗಿನ ವಿಷಯದಲ್ಲಿ ನನಗೆ ಈಗಲೂ ಅನುಮಾನವಿದೆ. ಆದರೆ ಸಾಕೆಂದರೂ ನಿಲ್ಲಿಸದ ಆ ಕೈ, ಕರೆಯದೆ ಬಂದವನನ್ನೂ ಉಣಿಸಿ ಅರಳಿದ ಆ ಸಣ್ಣ ಕಣ್ಣು! ಫಾದರಿಗೆ ಹೇಳಲು ಅಷ್ಟು ಸಾಕಾಗಿತ್ತು. “ತಪ್ಪಾತ್ರಿ ಬೀಗರ,” ಎಂದೆ.

ಉಂಡ ಭಾರಕ್ಕೆ ಏಳಲಾಗಲಿಲ್ಲ. ಬೀಗರೇ ರಟ್ಟೆ ಹಿಡಿದು ನನ್ನ ಮನೆಗೆ ಕರೆತಂದರು. ದಾರಿಯುದ್ದಕ್ಕೂ ಒಬ್ಬರ ಮುಖ ಒಬ್ಬರು ನೋಡುವುದು, ಮತ್ತೆ ನಗುವುದು. ತೂರಾಡುತ್ತ ಬಂದ ನಮ್ಮನ್ನು ಕಂಡು ನನ್ನ ಹೆಂಡತಿ ಸೊಂಟಕ್ಕೆ ಕೈಯಿಟ್ಟಳು.

“ತಪಸ್ಸು ಕಾಲದಾಗ ಇಬ್ಬರೂ ಕುಡದ ಬಂದೀರೇನು? ನಾಚಿಕಿ ಇಲ್ಲ?”

“ಕುಡದಿಲ್ರಿ ಅಕ್ಕಾರ,” ಬೀಗರು ಬಿಕ್ಕಳಿಸಿದರು. “ಉಂಡೇವಿ.”

ನಮ್ಮ ಹಿಂದೆ ಬಂದ ಮಗಳು ಹೊಸ್ತಿಲ ಹತ್ತಿರ ನಿಂತು ನನ್ನನ್ನು ನೋಡಿದಳು. “ಬಾರವ್ವ,” ಎನ್ನುವಷ್ಟರಲ್ಲಿ ಮತ್ತೆ ನಗು ನುಗ್ಗಿ, ಮಾತು ಅರ್ಧಕ್ಕೇ ನಿಂತಿತು. ಅವಳು ಉಳಿದರ್ಧಕ್ಕೆ ಕಾಯಲಿಲ್ಲ. ತಾಯಿಯ ಪಕ್ಕದಿಂದ ನುಸುಳಿ ಒಳಗೆ ಹೋದಳು. ಅಡಿಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು.

“ಯವ್ವಾ, ಸಾರಿಗಿ ಉಪ್ಪ ಹಾಕಿಲ್ಲಲ್ಲ!”